ಸಾಲಿಗೆ ಬಾರದ ಐದು ಮುಖಗಳು

ಐದು ಮುಖಗಳು ಒಂದು ಸಾಲಿಗೆ ಬರಲು ಒಪ್ಪಲಿಲ್ಲ. ಆ ದಿನದ ರಗಳೆಗೆಲ್ಲ ಅದೇ ಮೂಲ.

ಪ್ರೆಸ್ಸಿನಲ್ಲಿ ಎಲ್ಲರೂ ಆರ್ಟಿಸ್ಟ್ ಎಂದು ಕರೆಯುವ ಅವನು ಬೆಳಗಿನಿಂದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಪೋಸ್ಟರ್ ಮುಂದೆ ಕೂತಿದ್ದ. ಕೋರ್ಸ್ ಮುಗಿಸಿ ಕೆಲಸ ಹಿಡಿದ ಐವರ ಮುಖಗಳು ದುಂಡು ಚೌಕಟ್ಟುಗಳಲ್ಲಿ ಅಡ್ಡಸಾಲಾಗಿ ನಿಲ್ಲಬೇಕು. ಕೇಂದ್ರದವರು ಕಳಿಸಿದ್ದು ಒಂದೇ ಫೋಟೊ. ತರಗತಿಯ ಮೊದಲ ದಿನ ಮೂವತ್ತು ಜನ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡದ್ದು. ಅದನ್ನೇ ಐದು ಸಲ ಇಟ್ಟು, ಪ್ರತಿಯೊಂದಕ್ಕೂ ದುಂಡನೆಯ ಮಾಸ್ಕ್ ಹಾಕಿ, ಬೇಕಾದ ಮುಖವಷ್ಟೇ ಇಣುಕುವಂತೆ ಮಾಡಿದ್ದ. ಪ್ರತಿಯೊಂದರಲ್ಲೂ ಉಳಿದ ಇಪ್ಪತ್ತೊಂಬತ್ತು ಜನ ಮಾಸ್ಕಿನ ಹಿಂದೆ ಅಡಗಿ ಕೂತಿದ್ದರು.

ಸಾಲುಗೂಡಿಸುವ ಗುಂಡಿ ಒತ್ತಿದರೆ ಐದು ಮುಖಗಳೂ ಬಾವಿಗೆ ಬಿಟ್ಟ ಕೊಡಗಳ ಹಾಗೆ ಒಂದು ಮೇಲೆ, ಒಂದು ಕೆಳಗೆ.

ಪ್ರೂಫ್ ನೋಡುವ ಅಕ್ಕ ಕನ್ನಡಕ ಏರಿಸಿಕೊಂಡು ಬಂದಳು. "ಏನಪ್ಪಾ, ಆ ಮೂರನೇ ಹುಡುಗಿ ಗುಂಡಿಗೆ ಬಿದ್ದಿದಾಳೆ?"

"ಸರಿ ಮಾಡ್ತಿದೀನಿ ಅಕ್ಕಾ."

"ಎತ್ತು ಅವಳನ್ನ. ಅಯ್ಯೋ, ಅಷ್ಟು ಎತ್ತಬೇಡ, ಹಾರಿಹೋಗ್ತಾಳೆ!"

ಮಷೀನ್ ಆಪರೇಟರ್ ಸುಮ್ಮನಿದ್ದಾನೆಯೇ? ಎರಡು ತುದಿಗೂ ಟೇಪ್ ಅಂಟಿಸಿ ಪರದೆಯ ಉದ್ದಕ್ಕೂ ಬೈಂಡಿಂಗ್ ದಾರ ಬಿಗಿದ. "ಇದಕ್ಕೆ ಮೂಗು ತಾಗ್ಸು ಸಾಕು. ನಾವೆಲ್ಲ ಹೀಗೇ ಮಾಡ್ತಿದ್ದಿದ್ದು." ಆರ್ಟಿಸ್ಟ್ ಚಿತ್ರವನ್ನು ದೊಡ್ಡದು ಮಾಡಿದಾಗ ದಾರ ಒಬ್ಬನ ಗಂಟಲು ಕುಯ್ಯುವಂತೆ ನಿಂತಿತು.

ಯಜಮಾನರು ಒಳಗಿಂದಲೇ ಕೂಗಿದರು. "ಆರು ತಿಂಗಳ ಕೋರ್ಸ್ ಮಾಡಿ ಬಂದೋನು ನೀನು. ಐದು ತಲೆ ನಿಲ್ಸೋಕಾಗಲ್ವೇನಯ್ಯಾ? ನಾಲ್ಕು ಗಂಟೆಗೆ ಆ ಕೇಂದ್ರದ ಮೇಡಂ ಬರ್ತಾರೆ!"

ಆರ್ಟಿಸ್ಟನ ಕಿವಿ ಬಿಸಿಯಾಯಿತು. ಅವನು ಕಲಿತದ್ದು ಮೂರೇ ವಾರ. ಅದೂ ಇದೇ ಕೇಂದ್ರದಲ್ಲಿ. ಒಂದು ದಿನ ಮೇಡಂ ಕೇಳಿದ್ದಕ್ಕೆ ತಪ್ಪು ಉತ್ತರ ಕೊಟ್ಟು, ಎಲ್ಲರೂ ನಕ್ಕು, ಮರುದಿನದಿಂದ ಆ ಬೀದಿಗೇ ಕಾಲಿಟ್ಟಿರಲಿಲ್ಲ. ಸರ್ಟಿಫಿಕೇಟು ಮನೆ ಬದಲಾಯಿಸುವಾಗ ಕಳೆದುಹೋಯಿತೆಂದು ಹೇಳಿ ಈ ಕೆಲಸ ಹಿಡಿದಿದ್ದ. ಈಗ ಆ ಫೋಟೊದ ಎರಡನೇ ಸಾಲಿನಲ್ಲಿ, ಯಾರದೋ ಹೆಗಲ ಹಿಂದೆ, ಕತ್ತು ಉದ್ದ ಮಾಡಿಕೊಂಡು ಅವನೂ ನಿಂತಿದ್ದ.

ಮಾಸ್ಕ್ ಬಿಚ್ಚಿ ಹೆಚ್ಚಿನ ಭಾಗವನ್ನು ಕತ್ತರಿಸಿ ಒಗೆದರೆ ಸರಿಹೋದೀತೆಂಬ ಅನುಮಾನ ಅವನಿಗಿತ್ತು. ಆದರೆ ಇವರ ಮುಂದೆ ಬಿಚ್ಚುವುದು ಹೇಗೆ? ಎಲ್ಲರೂ ಊಟಕ್ಕೆ ಏಳಲಿ ಎಂದು ಕಾದ. ಒಂದೂವರೆಗೆ ಅಕ್ಕ ತನ್ನ ಡಬ್ಬಿಯನ್ನು ಅವನ ಮೇಜಿಗೇ ತಂದಳು. "ನೀನೊಬ್ಬನೇ ಒದ್ದಾಡ್ತಿರೋವಾಗ ನಮಗೆ ಅನ್ನ ಇಳಿಯುತ್ತೇನಪ್ಪಾ?" ಆಪರೇಟರ್ ಸ್ಟೂಲು ಎಳೆದುಕೊಂಡ. ಇಬ್ಬರಿಗೂ ಅನ್ನ ಚೆನ್ನಾಗಿಯೇ ಇಳಿಯಿತು.

ಮೂರೂವರೆಗೆ ಯಜಮಾನರ ತಾಳ್ಮೆ ಮುಗಿಯಿತು. "ಕೊಡು ಇಲ್ಲಿ" ಎಂದು ಮೌಸ್ ಕಿತ್ತುಕೊಂಡು, ಹಾವು ಬಡಿಯುವವರಂತೆ ಎರಡು ಸಲ ಕುಟ್ಟಿದರು. ಯಾವ ಗುಂಡಿ ಒತ್ತಿದರೋ, ಮಾಸ್ಕ್ ಕಳಚಿ ಮೂವತ್ತು ಜನರೂ ಪರದೆಯ ತುಂಬ ಹರಡಿಕೊಂಡರು.

"ಅಯ್ಯೋ, ಇದು ನೀನಲ್ವೇನೋ!" ಅಕ್ಕ ಎರಡನೇ ಸಾಲಿನತ್ತ ಬೆರಳು ಚಾಚಿದಳು.

ನೆಲ ಬಿರಿಯಲಿಲ್ಲ. ಯಜಮಾನರು ಅವನ ಬೆನ್ನಿಗೆ ಗುದ್ದಿದರು. "ಇದೇ ಕೇಂದ್ರದವನಾ ನೀನು? ಹೇಳೋದಲ್ವೇನಯ್ಯಾ! ಆರನೇದು ಹಾಕು. ನಮ್ಮ ಪ್ರೆಸ್ಸಿನವನು ಏನು ಕಡಿಮೆ?"

"ಬೇಡ ಸಾರ್, ಚೆನ್ನಾಗಿರಲ್ಲ."

"ಸಂಕೋಚ ನೋಡು ಇವನಿಗೆ!"

ಮೇಡಂ ಬಂದಾಗ ಯಜಮಾನರು ಬಾಗಿಲಲ್ಲೇ ಸುದ್ದಿ ಮುಟ್ಟಿಸಿದರು. ಆಕೆ ಪರದೆ ನೋಡಿದರು, ಆಮೇಲೆ ಅವನನ್ನು. ಅವನು ತನ್ನ ಚಪ್ಪಲಿ ನೋಡಿಕೊಂಡ.

"ನೆನಪಿದೆ, ನೆನಪಿದೆ. ಕಿಟಕಿ ಪಕ್ಕ ಕೂರ್ತಿದ್ರಿ" ಎಂದರು ಮೇಡಂ. ಅಷ್ಟೇ. ಕುರ್ಚಿ ಎಳೆದುಕೊಂಡು ಮಾತು ಮುಂದುವರಿಸಿದರು. "ಮಾಸ್ಕ್ ಹಾಕಿ ಮುಚ್ಚಿದ್ದು ನಮ್ಮ ಕಣ್ಣಿಗೆ ಕಾಣಲ್ಲ. ಅಳೆಯುವಾಗ ಕಂಪ್ಯೂಟರ್ ಅದನ್ನೂ ಸೇರಿಸ್ಕೊಂಡೇ ಅಳೆಯುತ್ತೆ. ಮೊದಲು ಕತ್ತರಿಸಿಬಿಡಿ, ಆಮೇಲೆ ಸಾಲು ಮಾಡಿ." ಎರಡು ನಿಮಿಷದಲ್ಲಿ ಐದು ಮುಖಗಳೂ ದಾರವಿಲ್ಲದೆಯೇ ಸಾಲಿಗೆ ನಿಂತವು.

"ಆರನೇದೂ ಇರಲಿ, ಒಳ್ಳೇದೇ ಆಯ್ತು. ಅದರ ಕೆಳಗಿನ ಸಾಲು ಕೇಂದ್ರಕ್ಕೆ ಹೋಗಿ ಕಳಿಸ್ತೀನಿ. ಕೆಂಪಕ್ಷರದಲ್ಲಿರಲಿ" ಎಂದು ಹೊರಟರು.

ಆರ್ಟಿಸ್ಟನಿಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಗುಟ್ಟು ಬಿಟ್ಟುಕೊಡದ ಪುಣ್ಯಾತ್ಗಿತ್ತಿ! ತನ್ನ ಮುಖವನ್ನು ಹೇಳಿಕೊಟ್ಟಂತೆಯೇ ಕತ್ತರಿಸಿ ಗುಂಡಿ ಒತ್ತಿದ. ಒಂದೇ ಏಟಿಗೆ ಕೂತಿತು. ಬೆಳಗಿನಿಂದ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ.

ಐದೂಕಾಲಿಗೆ ಯಜಮಾನರ ಫೋನಿಗೆ ಸಾಲು ಬಂತು. ಅವರು ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದತೊಡಗಿದರು. ಕೊನೆ ಮುಟ್ಟುವ ಹೊತ್ತಿಗೆ ದನಿ ಇಳಿದಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಫೋನನ್ನು ಕೀಬೋರ್ಡಿನ ಮೇಲಿಟ್ಟರು.

"ಹಾಕು."

ಅವನು ಹಾಕಿದ. ಅಕ್ಕ ಪ್ರೂಫ್ ತಗೊಂಡು, ಪೆನ್ನಿನ ತುದಿಯನ್ನು ಅವನ ಮುಖದ ಕೆಳಗಿನ ಕೆಂಪಕ್ಷರಗಳ ಮೇಲೆ ಒಂದೊಂದಾಗಿ ಸರಿಸಿದಳು:

‘ಮೂರೇ ವಾರಕ್ಕೆ ಬಿಟ್ಟು ಓಡಿದವರಿಗೂ ಮರುಪ್ರವೇಶವಿದೆ.’

"ಒಂದು ತಪ್ಪೂ ಇಲ್ಲ ಕಣಪ್ಪಾ" ಎಂದು ಸಹಿ ಹಾಕಿದಳು. ಆಪರೇಟರ್ ಒಳಗೆ ಮಷೀನ್ ಶುರು ಮಾಡಿದ. ಎರಡು ಸಾವಿರ ಪ್ರತಿ.