ಬಾಯಿ ಮುಚ್ಚಿ ತಬಲಾ ಬಾರಿಸಿದ್ದು

ನಾನು ಸುಳ್ಳು ಹೇಳುವವನಲ್ಲ. ಆದರೆ ಯಾರಾದರೂ ನನ್ನ ಬಗ್ಗೆ ಒಳ್ಳೆಯದನ್ನು ತಪ್ಪಾಗಿ ತಿಳಿದುಕೊಂಡರೆ ಅದನ್ನು ತಿದ್ದುವ ಕೆಟ್ಟ ಚಟವೂ ನನಗಿಲ್ಲ. ಹಗಲು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುಮಾಸ್ತಿಕೆ, ಸಂಜೆ ಖಾಸಬಾಗದ ನಮ್ಮ ಭಜನಾ ಮೇಳದಲ್ಲಿ ತಬಲಾ, ಹೀಗೆ ಇಪ್ಪತ್ತು ವರ್ಷ ಸುಖವಾಗಿದ್ದೆ. ಅಷ್ಟರಲ್ಲಿ ನಮ್ಮೂರಿನದೇ ಸದಾಶಿವನಗರದ ಕಾಲೇಜು ಹುಡುಗರ ಗುಂಪೊಂದು ಯಾವ ವಾದ್ಯವೂ ಇಲ್ಲದೆ ಬರೀ ಬಾಯಿಂದ ಹಾಡು, ತಾಳ, ತಂಬೂರಿ ಎಲ್ಲವನ್ನೂ ನುಡಿಸತೊಡಗಿತು. ಊರೆಲ್ಲ ಅವರದೇ ಮಾತು. ಗೃಹಪ್ರವೇಶಕ್ಕೂ ಅವರೇ, ಗಣಪತಿ ಪೆಂಡಾಲಿಗೂ ಅವರೇ. ಇದ್ದ ವಾದ್ಯವನ್ನು ಮನೆಯಲ್ಲಿಟ್ಟು ಬಂದರೆ ಅದಕ್ಕೊಂದು ಹೊಸ ಕಲೆಯೆಂದು ಹೆಸರೇ ಎಂದು ನಾನು ಬಸ್‌ಸ್ಟಾಪಿನಲ್ಲಿ ಸಿಕ್ಕಸಿಕ್ಕವರ ಮುಂದೆ ಹಲುಬಿದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು.

ನಮ್ಮ ಮೇಳದ ಮುಖ್ಯ ಗಾಯಕರು ಬಸಪ್ಪ ಮಾಸ್ತರರು. ಮೂರು ತಿಂಗಳು ಯಾರೂ ಕರೆಯದಿದ್ದಾಗ ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿಯೇಬಿಟ್ಟರು: “ನಾವೂ ಇನ್ನ ವಾದ್ಯ ಬಿಡೂಣ್ರಿ. ಬಾಯಿಲೇ ಬಾರಸೂದಾದ್ರ ನೀವು ಬರ್ರಿ, ಇಲ್ಲಾಂದ್ರ ಮನ್ಯಾಗ ಆರಾಮ ಇರ್ರಿ.” ಮನೆಯಲ್ಲಿ ಆರಾಮ ಇರುವುದು ಎಂಥದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಳ ಬಿಟ್ಟರೆ ನಾನು ಯಾರೂ ಅಲ್ಲ. ಹೂಂ ಅಂದೆ. ಅಂದಿನಿಂದ ಬಚ್ಚಲಮನೆಯಲ್ಲಿ ಧಾ ಧಿನ್ ಧಿನ್ ಧಾ ಶುರುವಾಯಿತು. ಇಷ್ಟು ದಿನ ಕೈ ಗದ್ದಲ ಮಾಡಿದರೂ ಬಾಯಾದರೂ ಸುಮ್ಮನಿರುತ್ತಿತ್ತು ಎಂದು ಹೆಂಡತಿ ನಿಟ್ಟುಸಿರಿಟ್ಟಳು.

ಹೊಸ ಪದ್ಧತಿಯ ಮೊದಲ ಕಾರ್ಯಕ್ರಮ ಖಾನಾಪುರದ ಒಂದು ನಿಶ್ಚಿತಾರ್ಥದಲ್ಲಿ. ಆ ಮನೆಯ ಹಿರಿಯರು ತಮ್ಮತಮ್ಮಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಹಾಡುವ ಮೊದಲು ಕಲಾವಿದರಿಗೆ ತಾವೇ ಎಲೆ-ಅಡಿಕೆ ಮಡಿಚಿ ಕೊಡುವುದು ಅವರ ರಿವಾಜು. ಜೇಬಿಗೆ ಹಾಕಿಕೊಂಡರೆ ಅವಮಾನ. ಎಲೆ ನನ್ನ ಬಾಯೊಳಗೆ ಹೋಗುವವರೆಗೂ ಆ ಮನೆಯ ಅಜ್ಜ ಎದುರಿನಿಂದ ಕದಲಲಿಲ್ಲ. ಉಗುಳೋಣವೆಂದರೆ ಕೆಳಗೆ ಹೊಸ ಜಮಖಾನೆ. ಅಷ್ಟರಲ್ಲಿ ಮಾಸ್ತರರು ಹಾಡು ಎತ್ತಿಯೇಬಿಟ್ಟರು. ಅವರ ಹಿಂದೆ ಕುಳಿತ ನನ್ನ ಮುಖ ಮಾತ್ರ ಅವರ ಭುಜದ ಮೇಲಿಂದ ಜನರಿಗೆ ಕಾಣುತ್ತಿತ್ತು. ಬಾಯಿ ಬಿಟ್ಟರೆ ಮಾಸ್ತರರ ಬಿಳಿ ಜುಬ್ಬಾ ಕೆಂಪಾಗುತ್ತದೆ. ದಿಕ್ಕು ತೋಚದೆ ಕೈ ತಾನಾಗಿಯೇ ಪಕ್ಕದ ಹಿತ್ತಾಳೆಯ ಎಲೆಡಬ್ಬಿಯ ಮೇಲೆ ಹೋಯಿತು. ಎಂಥ ನಾದ! ನಾನು ಮೈಮರೆತು ಬಾರಿಸಿದೆ, ಗಾಬರಿಗೆ ದವಡೆಯೂ ತಾಳಕ್ಕೆ ತಕ್ಕಂತೆ ಎಲೆ ಜಗಿಯಿತು.

ಹಾಡು ಮುಗಿದೊಡನೆ ಅಜ್ಜ ಎದ್ದು ನಿಂತು ಸಭೆಗೆಲ್ಲ ಕೇಳುವಂತೆ, “ತುಟಿ ಸೈತ ಬಿಚ್ಚದ ಬಾರಸ್ತಾರ್ರಿ ಇವ್ರು. ಖರೇನ ದೊಡ್ಡ ವಿದ್ಯಾ ಇದು” ಅಂದರು. ಮರಳಿ ಬರುವಾಗ ಬಸ್ಸಿನಲ್ಲಿ ಮಾಸ್ತರರೂ ಇಷ್ಟು ವರ್ಷ ಇದನ್ನು ಮುಚ್ಚಿಟ್ಟಿದ್ದಕ್ಕೆ ನನ್ನನ್ನು ಪ್ರೀತಿಯಿಂದ ಬೈದರು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಮುಂದಿನ ಕಾರ್ಯಕ್ರಮಗಳಿಗೆಲ್ಲ ಅಂಥದೇ ಒಂದು ಡಬ್ಬಿ ನನ್ನ ಶಾಲಿನಡಿ ಬರತೊಡಗಿತು.

ಹೆಸರು ಸದಾಶಿವನಗರದವರೆಗೂ ಹಬ್ಬಿತು. ಆ ಕಾಲೇಜು ಗುಂಪಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಮನೆಗೇ ಬಂದಳು, ಕಲಿಸಬೇಕಂತೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತು, ಉಸಿರನ್ನು ಮೂಗಿಗೆ ಬಿಡು, ಪೆಟ್ಟನ್ನು ಗಂಟಲೊಳಗೆ ಇಳಿಸು ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಎರಡು ದಿನ ಒದ್ದಾಡಿ ಬಿಟ್ಟಾಳು ಎಂದುಕೊಂಡಿದ್ದೆ. ಅವಳು ಹದಿನೈದು ದಿನಕ್ಕೆ ಬಂದು, ಪಡಸಾಲೆಯಲ್ಲಿ ಕೈಕಟ್ಟಿ ನಿಂತು, ತುಟಿ ಬಿಗಿದು, ಹದಿನಾರು ಮಾತ್ರೆಯ ತಾಳವನ್ನು ಒಂದು ಪೆಟ್ಟೂ ತಪ್ಪದಂತೆ ನುಡಿಸಿದಳು. ನನ್ನ ಕಾಲಿಗೆ ಬಿದ್ದು, “ಕಾಕಾ, ನೀವು ಹೇಳಿದಂಗ ಮಾಡಿದೆರಿ, ಬಂತು. ಈಗ ಇಬ್ಬರೂ ಕೂಡಿ ಬಾರಸೂಣು” ಅಂದಳು. ಗಂಟಲು ನೋವೆಂದೆ.

ಈಗ ಹೆಂಡತಿ ಸಂತೆಗೆ ಹೋದಾಗಲೆಲ್ಲ ಬಾಗಿಲು ಹಾಕಿಕೊಂಡು, ನಾನು ಆ ಹುಡುಗಿಗೆ ಹೇಳಿಕೊಟ್ಟದ್ದನ್ನೇ ಚಾಚೂ ತಪ್ಪದೆ ಮಾಡುತ್ತಿದ್ದೇನೆ. ಮೂಗಿನಿಂದ ಒಂದಿಷ್ಟು ಗಾಳಿ ಬರುತ್ತದೆ, ಅಷ್ಟೇ. ನನಗೆ ಕಲಿಸಿದ ಗುರುವೇ ಸರಿಯಿಲ್ಲವೆಂದು ಕಾಣುತ್ತದೆ.