ಬಚ್ಚಲಿನ ಜೇಡವನ್ನು ಓಡಿಸಿದ್ದು

ಮೈಮೇಲೆ ನಾಲ್ಕು ಗುಳ್ಳೆ ಎದ್ದರೆ ಮನುಷ್ಯನಿಗೆ ಔಷಧಿಗಿಂತ ಮೊದಲು ಬೇಕಾಗುವುದು ಒಬ್ಬ ಆರೋಪಿ. ಹೋದ ತಿಂಗಳು ನನ್ನ ಕತ್ತಿನ ಸುತ್ತ ಕೆಂಪು ಗುಳ್ಳೆಗಳೆದ್ದು ಉರಿಯತೊಡಗಿದಾಗ ಆರೋಪಿಯನ್ನು ಪಕ್ಕದ ಮನೆಯ ಪುಟ್ಟಮ್ಮನವರೇ ಒದಗಿಸಿಕೊಟ್ಟರು. ಕಾಂಪೌಂಡಿನ ಆಚೆಯಿಂದಲೇ ಒಮ್ಮೆ ನೋಡಿ, “ಜೇಡ ಉಚ್ಚೆ ಉಯ್ದದೆ ಕಣಪ್ಪಾ, ಇನ್ನೇನಿಲ್ಲ” ಎಂದರು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಪುಟ್ಟಮ್ಮನವರ ತೀರ್ಪಿಗೆ ಮೇಲ್ಮನವಿ ಇಲ್ಲ.

ಆದರೆ ಯಾವ ಜೇಡ? ಫೋಟೋ ತೋರಿಸಿದರೆ ಹೆಸರು ಹೇಳುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು ಪತ್ತೇದಾರಿಕೆಗೆ ಇಳಿದೆ. ಪಡಸಾಲೆಯ ಮೂಲೆಯಲ್ಲಿ ನೂಲಿನಂಥ ಕಾಲುಗಳ ಮೇಲೆ ಸದಾ ನಡುಗುವ ಬಡಪಾಯಿ, ಕಿಟಕಿಯಲ್ಲಿ ಕುಪ್ಪಳಿಸುತ್ತ ತಿರುಗಿ ನನ್ನನ್ನೇ ದಿಟ್ಟಿಸುವ ಪುಟಾಣಿ, ಯಾರನ್ನೂ ಬಿಡಲಿಲ್ಲ. ಆ್ಯಪ್ ಪ್ರತಿಯೊಂದಕ್ಕೂ ಬಾಯಿ ತಿರುಗದ ಹೆಸರು ಹೇಳಿತು. ಮೂಲೆಯಲ್ಲಿ ಬಿದ್ದಿದ್ದ ತೆಂಗಿನ ನಾರಿಗೂ ಒಂದು ಹೆಸರು ಹೇಳಿತು. ನನ್ನ ಹೆಂಡತಿ ಶಿವಮ್ಮ ಶಾಗ್ಯ ಎಂಬ ಹಳ್ಳಿಯವಳು. ಅವಳಿಗೆ ಪಡಸಾಲೇದು, ಕಿಟಕೀದು, ಬಚ್ಚಲ್ದು ಎಂದರೆ ಸಾಕು.

ಬಚ್ಚಲಿನದು ಅಂಗೈ ಅಗಲದ ಕಂದು ಜೇಡ. ಬಲೆ ನೇಯುವ ಗೋಜಿಗೇ ಹೋಗದೆ ಗೋಡೆಗೆ ಅಂಟಿಕೊಂಡಿದ್ದು, ಜಿರಲೆ ಕಂಡರೆ ಹಾರಿ ಹಿಡಿಯುತ್ತಿತ್ತು. ಶಿವಮ್ಮನಿಗೆ ಭೂಮಿಯ ಮೇಲೆ ಜಿರಲೆಯೊಂದನ್ನು ಬಿಟ್ಟರೆ ಯಾರ ಭಯವೂ ಇಲ್ಲ, ನನ್ನದಂತೂ ಇಲ್ಲವೇ ಇಲ್ಲ. ಒಮ್ಮೆ ಜಿರಲೆ ರವಿಕೆಯೊಳಗೆ ಹೊಕ್ಕ ಮೇಲೆ ಬಚ್ಚಲಿಗೆ ಹೋಗಲು ಅಳುಕುತ್ತಿದ್ದವಳು, ಆ ಜೇಡ ಬಂದಂದಿನಿಂದ ನೆಮ್ಮದಿಯಾಗಿ ಸ್ನಾನ ಮಾಡುತ್ತಿದ್ದಳು. “ವಸಿ ಅತ್ಲಾಗ್ ಸರ್ಕೊ, ನೀರ್ ಬೀಳ್ತದೆ” ಎಂದು ಅದಕ್ಕೆ ಹೇಳುವುದು ಕೇಳಿಸುತ್ತಿತ್ತು. ಅಷ್ಟು ಮೆತ್ತಗೆ ನನ್ನೊಡನೆ ಮಾತಾಡಿ ಯಾವ ಕಾಲವಾಯಿತೋ!

ಹೊಟ್ಟೆಯುರಿಯೂ ಸ್ವಲ್ಪ ಇತ್ತೆಂದು ಕಾಣುತ್ತದೆ. ಗಾತ್ರ ನೋಡಿಯೇ ಇದೇ ಅಪರಾಧಿ ಎಂದು ತೀರ್ಮಾನಿಸಿ ಪೊರಕೆ ಎತ್ತಿದೆ. “ಬ್ಯಾಡ ಕಣ್ರೀ, ಒಟ್ಟೆ ತಾವು ಮೊಟ್ಟೆ ಚೀಲ ಇಟ್ಕಂಡದೆ. ಅದು ಯಾರ್ ತಂಟೆಗೂ ಓಗಾಕಿಲ್ಲ” ಎಂದು ಶಿವಮ್ಮ ಅಡ್ಡ ನಿಂತಳು. ನಿಜ, ಬಿಳಿ ಬಿಲ್ಲೆಯಂಥ ಚೀಲವನ್ನು ಅದು ಅವುಚಿಕೊಂಡಿತ್ತು. ನಾನು ಕೇಳಲಿಲ್ಲ. ಪೊರಕೆಯಿಂದ ನೂಕಿದೆ. ಚೀಲವನ್ನು ಬಿಡದೆ ಗೋಡೆ ಹತ್ತಿ, ಗವಾಕ್ಷಿಯಿಂದ ಹೊರಗೆ ಹೋಯಿತು.

ಗುಳ್ಳೆ ಮಾತ್ರ ಹೋಗಲಿಲ್ಲ. ಕೊನೆಗೆ ಡಾಕ್ಟರು ನನ್ನ ಕತ್ತು ನೋಡಿ, “ಈ ಸರ ಯಾವಾಗ ತಗೊಂಡ್ರಿ?” ಎಂದರು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಾಗ ಬೆಳ್ಳಿಯೆಂದು ನಂಬಿ ಕೊಂಡ ಗಿಲೀಟಿನ ಸರ. ಅದು ತಾಗಿದ ಕಡೆಯೆಲ್ಲ ಗುಳ್ಳೆ. ಮನೆಯ ಜೇಡಗಳ ಫೋಟೋ ತೆಗೆದವನು ಒಮ್ಮೆ ಕನ್ನಡಿ ನೋಡಿಕೊಂಡಿರಲಿಲ್ಲ.

ಸರ ಬಿಚ್ಚಿದೆ, ಕತ್ತು ವಾಸಿಯಾಯಿತು, ಬಚ್ಚಲಿಗೆ ಜಿರಲೆಗಳು ವಾಪಸು ಬಂದವು. ಲೊಕ್ಕನಹಳ್ಳಿಯ ಷಡ್ಡಕನ ಕೊಟ್ಟಿಗೆಯಿಂದ ಅಂಥದೇ ಜೇಡವೊಂದನ್ನು ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಬಿಟ್ಟೆ. ಅದು ಬಚ್ಚಲನ್ನು ಒಂದು ಸುತ್ತು ನೋಡಿ ಗವಾಕ್ಷಿಯ ದಾರಿ ಹಿಡಿಯಿತು. ಚೀಲ ಹೊತ್ತು ಗೋಡೆ ಹತ್ತುತ್ತಿದ್ದ ಹಳೆಯ ಜೇಡವನ್ನು ನೆನೆದು ಈಗಲೂ ಗವಾಕ್ಷಿಯ ಕಡೆ ಕತ್ತೆತ್ತಿ ನೋಡುತ್ತೇನೆ.

ಈಗ ಶಿವಮ್ಮ ಸ್ನಾನಕ್ಕೆ ಹೊರಟರೆ ನಾನು ಚಪ್ಪಲಿ ಹಿಡಿದು ಬಾಗಿಲಲ್ಲಿ ಕಾವಲು. ನಿನ್ನೆ ಒಳಗಿನಿಂದ ಚೀರಿ ಕರೆದಳು. ನುಗ್ಗಿದೆ, ಜಾರಿದೆ, ಬಕೆಟ್ಟಿನ ಮೇಲೆ ಬಿದ್ದೆ, ಮೂರನೆಯ ಏಟಿಗೆ ಜಿರಲೆಯನ್ನು ಮುಗಿಸಿ ಏದುಸಿರು ಬಿಡುತ್ತ ಮೆಚ್ಚುಗೆಗೆ ಕಾದು ನಿಂತೆ. ಶಿವಮ್ಮ ಹಳೆಯ ಜೇಡ ಕೂರುತ್ತಿದ್ದ ಬರಿ ಗೋಡೆಯನ್ನು ನೋಡುತ್ತ ಹೇಳಿದಳು: “ಅದ್ನ ನಾನು ಒಂದ್ ದಿನಾನೂ ಕೂಗಿ ಕರೀಬೇಕಾಗಿರ್ನಿಲ್ಲ ಕಣ್ರೀ.”