ಡಾಲಿ ಬಾಯಿಯ ವೈನಿಗೆ ಅಮಲುಂಟೇ?

ಡಾಲಿ ಬಾಯಿಯ ಮೊಮ್ಮಗುವಿನ ಜ್ಞಾನಸ್ನಾನದ ಊಟದಲ್ಲಿ ಟೋಸ್ಟ್ ಎತ್ತಿದಾಗ ಜೆರೋಮ್ ಕುಡಿದದ್ದು ಒಂದೇ ಗ್ಲಾಸು ವೈನು. ಅದನ್ನು ಮೂರು ಸಲ ತುಂಬಿಸಿದ್ದು ಮಾತ್ರ ಡಾಲಿ ಬಾಯಿ. ಊಟದ ಹಾಲ್‌ನಿಂದ ಮನೆಗೆ ಸ್ಕೂಟರಿನಲ್ಲಿ ಹೊರಟವನು ಪಂಪ್‌ವೆಲ್ ವೃತ್ತದಲ್ಲಿ ಪೊಲೀಸರ ಯಂತ್ರಕ್ಕೆ ಊದಿದ. ಲೈಸೆನ್ಸು ಅವರ ಪಾಲಾಯಿತು.

ಜೆರೋಮ್ ನರ್ಸಿಂಗ್ ಕಾಲೇಜಿನ ಬಸ್ ಚಾಲಕ. ಲೈಸೆನ್ಸು ರದ್ದಾದರೆ ಕೆಲಸವೂ ಹೋಯಿತು. ಸೋಮವಾರ ಕೋರ್ಟು. ಆದ್ದರಿಂದ ಭಾನುವಾರ ಚರ್ಚಿನ ಪೂಜೆ ಮುಗಿದದ್ದೇ ಕದ್ರಿಯ ಅವನ ಮನೆಯಲ್ಲಿ ಸಾಕ್ಷಿಯ ತಾಲೀಮು ಶುರುವಾಯಿತು. ತೊಕ್ಕೊಟ್ಟಿನಿಂದ ವಕೀಲ ಯೋಗೀಶ್ ತಮ್ಮ ಕಾರಿನಲ್ಲಿ ಬಂದರು. ಪಕ್ಕದ ಮನೆಯ ಡಾಲಿ ಬಾಯಿ ಸೀರೆ ಬದಲಾಯಿಸಿ, ತಾನೇ ಮಾಡಿದ ಆ ವೈನಿನ ಬಾಟಲಿ ಹಿಡಿದು ಬಂದಳು.

"ಬಾಯಮ್ಮ, ಇದ್ರಲ್ಲಿ ಅಮಲು ಉಂಟಾ ಅಂತ ಕೇಳಿದ್ರೆ ಎಂತ ಹೇಳ್ತೀರಿ?" ವಕೀಲರು ಕೇಳಿದರು.

"ಇಲ್ಲ. ಬರೀ ದ್ರಾಕ್ಷಿ ರಸ."

"ಹಾಗಾದ್ರೆ ಶರಬತ್ತು ಅಂತ ಆಯ್ತು."

ಡಾಲಿ ಬಾಯಿಯ ಮುಖ ಬೇಯಿಸಿದ ಏಡಿಯಂತೆ ಕೆಂಪಾಯಿತು. "ಶರಬತ್ತಾ? ಭರಣಿಯಲ್ಲಿಟ್ಟು ದಿನಾ ತಿರುವಿದ್ದು ಶರಬತ್ತಿಗಾ? ಕ್ರಿಸ್ಮಸ್‌ಗೆ ಇದನ್ನು ಕುಡಿದು ನನ್ನ ತಮ್ಮ ಗ್ರೆಗರಿ ಗೋದಲಿಯ ಮಣ್ಣಿನ ಕುರಿಗಳಿಗೆ ಹುಲ್ಲು ಹಾಕಿದ್ದಾನೆ, ಗೊತ್ತುಂಟಾ?"

ಜೆರೋಮ್ ತಲೆಗೆ ಕೈ ಹಚ್ಚಿದ. "ಬಾಯಿ, ನೀವು ನನ್ನ ಕಡೆ ಸಾಕ್ಷಿ ಮಾರಾಯ್ರೆ!"

"ನಿನಗೋಸ್ಕರ ಸುಳ್ಳು ಹೇಳ್ತೇನೆ. ಆದ್ರೆ ನನ್ನ ವೈನಿಗೆ ಅವಮಾನ ಮಾಡ್ಲಿಕ್ಕೆ ಬಿಡುದಿಲ್ಲ."

ಜೆರೋಮನ ಹೆಂಡತಿ ಲಿಡಿಯಾ ಹುರಿದ ಬಂಗುಡೆ ತಂದಿಟ್ಟಳು. ವಕೀಲರು ಬಾಟಲಿಯನ್ನು ಬೆಳಕಿಗೆ ಹಿಡಿದು ಜೆರೋಮನತ್ತ ತಿರುಗಿದರು. "ಪೊರ್ಬುಗಳೇ, ವಸ್ತು ಪರೀಕ್ಷೆ ಮಾಡದೆ ವಾದ ಮಾಡುದು ಹೇಗೆ? ಚೂರು ಹಾಕಿ."

ಮೊದಲ ಗ್ಲಾಸಿಗೆ ಅಭಿಪ್ರಾಯ ಕೂಡಿಬರಲಿಲ್ಲ. ಎರಡನೆಯದು ಬಂಗುಡೆಯ ಜೊತೆ ಬೆರೆತುಹೋಯಿತು. ಬಾಟಲಿ ಮುಗಿಯುವಾಗ ವಕೀಲರು ಎದ್ದು, ಫ್ರಿಜ್ಜಿಗೆ ಕೈಮುಗಿದು ವಾದಿಸಿದರು: "ಸ್ವಾಮಿ, ಇದರಲ್ಲಿ ಅಮಲು ಎಳ್ಳಷ್ಟೂ ಇಲ್ಲ!"

ಡಾಲಿ ಬಾಯಿಗೆ ಈಗ ಸಮಾಧಾನವಾಯಿತು. "ನೋಡಿದ್ರಾ? ಶರಬತ್ತಂತೆ!"

ವಕೀಲರು ನೊಗ ಕಳಚಿದ ಕಂಬಳದ ಕೋಣದ ಹಾಗೆ ಕಾರಿನತ್ತ ನಡೆದರು. ಜೆರೋಮ್ ಕುರ್ಚಿ ತಳ್ಳಿ ಎದ್ದ. ದಾರಿಯಲ್ಲಿ ಪಂಪ್‌ವೆಲ್! ಇವರೇ ಸಿಕ್ಕಿಬಿದ್ದರೆ ನಾಳೆ ತನಗೆ ದಿಕ್ಕು ಯಾರು? ಓಡಿಹೋಗಿ ಕೀ ಕಸಿದುಕೊಂಡ. "ನೀವು ಹಿಂದೆ ಮಲಗಿ. ನಾನು ಇವತ್ತು ಹನಿ ಮುಟ್ಟಲಿಲ್ಲ."

ಲಿಡಿಯಾ ಗಂಡನ ಬಾಯಿ ಮೂಸಿ ನೋಡಿ ಅಪ್ಪಣೆ ಕೊಟ್ಟಳು.

ಪಂಪ್‌ವೆಲ್‌ನಲ್ಲಿ ಮಹಿಳಾ ಎಸ್ಸೈ ಒಬ್ಬರು ಕೈ ಅಡ್ಡ ಹಿಡಿದರು. ಅವರು ಕೇಳುವ ಮೊದಲೇ ಜೆರೋಮ್ ತಲೆ ಹೊರಹಾಕಿ ಯಂತ್ರಕ್ಕೆ ಬಾಯಿಕೊಟ್ಟ. ಒದ್ದೆ ಸೌದೆಯ ಒಲೆ ಊದುವವನಂತೆ ಕಣ್ಣಲ್ಲಿ ನೀರು ಬರುವ ತನಕ ಊದಿದ.

"ಸೊನ್ನೆ," ಎಂದರು ಎಸ್ಸೈ.

"ಇನ್ನೊಮ್ಮೆ ಊದ್ಲಾ ಮೇಡಂ?"

ಅವರಿಗೆ ನಗು ತಡೆಯಲಾಗಲಿಲ್ಲ. "ಬೇಡ ಮಾರಾಯ್ರೆ. ಎಲ್ಲರೂ ನಿಮ್ಮ ಹಾಗೆ ಇದ್ರೆ ನಾವು ಮನೆಯಲ್ಲಿ ಕೂತ್ಕೊಳ್ಬಹುದಿತ್ತು. ಲೈಸೆನ್ಸ್ ಒಮ್ಮೆ ತೋರಿಸಿ ಹೊರಡಿ."

ಜೆರೋಮನ ಕೈ ಕಿಸೆಯವರೆಗೆ ಹೋಗಿ ಅಲ್ಲೇ ನಿಂತಿತು. ಅವನು ಏನಾದರೂ ನೆಪ ಹುಡುಕುವ ಮೊದಲೇ ಹಿಂದಿನ ಸೀಟಿನಲ್ಲಿ ವಕೀಲರು ಎಚ್ಚರಗೊಂಡು, ಟೈ ಸರಿಮಾಡಿಕೊಂಡು ಎದ್ದು ಕೂತರು.

"ಮೇಡಂ, ನನ್ನ ಕಕ್ಷಿದಾರರನ್ನು ಸುಮ್ಮನೆ ಸತಾಯಿಸಬೇಡಿ! ಅವರ ಲೈಸೆನ್ಸು ಕಳೆದ ವಾರದಿಂದ ನಿಮ್ಮ ಹತ್ರವೇ ಉಂಟು!"